ಪಿಎಚ್‌.ಡಿ.ಗೆ ಯಾವ ದುಡ್ಡು, ಯಾವಾಗ? ಮಲೆನಾಡಿನ ಸಮಾಜ ವಿಜ್ಞಾನ ಸಂಶೋಧಕರಿಗೆ ಒಂದು ಹೋಲಿಕೆ

ಹೋದ ಮಳೆಗಾಲದಲ್ಲಿ ಹೊಸನಗರ ಕಡೆಯ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಸಮಾಜಶಾಸ್ತ್ರದಲ್ಲಿ ಎಂ.ಎ. ಆಗಿದೆ. ಪಿಎಚ್‌.ಡಿ. ಮಾಡುವ ಆಸೆ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಗೆರೆ ಎಳೆದು, ಒಂದು ಕಡೆ ಫೆಲೋಶಿಪ್‌ಗಳ ಹೆಸರು, ಇನ್ನೊಂದು ಕಡೆ ತಿಂಗಳಿಗೆ ಎಷ್ಟು ಅಂತ ಬರೆದುಕೊಂಡಿದ್ದಳು. 37,000. 20,000. 8,000. "ಅಕ್ಕಾ, ಇದರಲ್ಲಿ ಯಾವುದಕ್ಕೆ ಹಾಕಲಿ?" ಅಂತ ಕೇಳಿದಳು.

ಆ ಎರಡು ಕಾಲಂ ನೋಡಿದರೆ ಉತ್ತರ ಸುಲಭ ಅನ್ನಿಸುತ್ತದೆ. ಜಾಸ್ತಿ ಕೊಡುವುದಕ್ಕೆ ಹಾಕಿದರಾಯಿತು, ಅಲ್ವಾ? ಆದರೆ ನಾನು ಪಿಎಚ್‌.ಡಿ. ಮಾಡುವಾಗ ಕಷ್ಟಪಟ್ಟಿದ್ದು ದುಡ್ಡು ಕಮ್ಮಿ ಅಂತಲ್ಲ. ಬೇಕಾದ ಹೊತ್ತಿಗೆ ಬರಲಿಲ್ಲ ಅಂತ. ಹಾಗಾಗಿ ಅವತ್ತು ಸಂಜೆ ಕೂತು ಅವಳ ಹಾಳೆಗೆ ಇನ್ನೂ ಮೂರು ಕಾಲಂ ಸೇರಿಸಿದೆವು. ಅರ್ಜಿ ಹಾಕುವ ಮೊದಲು ಕೈಯಲ್ಲಿ ಏನಿರಬೇಕು? ಎಷ್ಟು ವರ್ಷ ಬರುತ್ತದೆ? ಇದನ್ನು ತಗೊಂಡರೆ ಬೇರೆ ಏನನ್ನು ಬಿಡಬೇಕು? ಈ ಮೂರು ತುಂಬಿದ ಮೇಲೆ ಪಟ್ಟಿಯ ಕ್ರಮವೇ ಬದಲಾಯಿತು. ಕೆಲವು ಪಿಎಚ್‌.ಡಿ. ನೋಂದಣಿಗೆ ಮೊದಲೇ ಕೈಗೆ ಬರುವಂಥವು. ಕೆಲವಕ್ಕೆ ನೋಂದಣಿ ಆಗದೆ ಅರ್ಜಿಯನ್ನೇ ಹಾಕುವ ಹಾಗಿಲ್ಲ. ಕೆಲವು ಊರೂರು ತಿರುಗುವ ಖರ್ಚಿಗೆ ಮಾತ್ರ. ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ಇಟ್ಟರೆ ಲೆಕ್ಕ ತಪ್ಪುತ್ತದೆ. ಆ ಹಾಳೆಯನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಮಗೆ ಸಿಗದವನ್ನು ಮೊದಲು ಹೊಡೆದುಹಾಕಿ

ವಿಶ್ವವಿದ್ಯಾಲಯದ ನೋಟಿಸ್ ಬೋರ್ಡಿನಲ್ಲಿ ಕಾಣುವ ಎಷ್ಟೋ ಫೆಲೋಶಿಪ್‌ಗಳು ನಮಗಲ್ಲ. ಇನ್‌ಸ್ಪೈರ್ ವಿಜ್ಞಾನದವರದ್ದು. ರಾಜ್ಯದ ಕೆ-ಸ್ಟೆಪ್ಸ್ ಕೊಡುವ ಪಿಎಚ್‌.ಡಿ. ಫೆಲೋಶಿಪ್ ವಿಜ್ಞಾನ ಮತ್ತು ಎಂಜಿನಿಯರಿಂಗ್‌ನವರದ್ದು. ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್ಪೂ ಹಾಗೇ. ಅಲ್ಪಸಂಖ್ಯಾತರಿಗೆ ಇದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ 2022–23ರಿಂದ ನಿಂತಿದೆ. ಹಳೆಯ ಪಟ್ಟಿಗಳಲ್ಲಿ ಇನ್ನೂ ಅದರ ಹೆಸರಿದೆ. ಅದನ್ನು ನಂಬಿಕೊಂಡು ಕಾಯಬೇಡಿ.

ಇಷ್ಟನ್ನು ತೆಗೆದರೆ ಉಳಿಯುವ ಪಟ್ಟಿ ಚಿಕ್ಕದು. ಚಿಕ್ಕದಾದರೂ ಅದರಲ್ಲಿ ದಾರಿ ಇದೆ.

ಜೆಆರ್‌ಎಫ್: ವಯಸ್ಸಿದ್ದರೆ ಇದೇ ಮೊದಲು

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನೆಟ್ ಅನ್ನುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಮೇಲಿನ ಸಾಲಿನಲ್ಲಿ ಬಂದವರಿಗೆ ಸಿಗುವುದು ಜೂನಿಯರ್ ರಿಸರ್ಚ್ ಫೆಲೋಶಿಪ್. 2023ರ ಜನವರಿಯಿಂದ ಅನ್ವಯವಾಗುವಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಕೆಲಸ ಸರಿಯಾಗಿದೆ ಅಂತ ಸಮಿತಿ ಒಪ್ಪಿದರೆ ಆಮೇಲೆ ಸೀನಿಯರ್ ಆಗಿ 42,000. ಒಟ್ಟು ಐದು ವರ್ಷ. ಪೂರ್ತಿ ಐದು ವರ್ಷ ಪಡೆದರೆ ಫೆಲೋಶಿಪ್ಪೊಂದೇ 24 ಲಕ್ಷ ರೂಪಾಯಿ. ಇದರ ಜೊತೆಗೆ ಪುಸ್ತಕ, ಝೆರಾಕ್ಸ್, ಓಡಾಟಕ್ಕೆ ಕಂಟಿಂಜೆನ್ಸಿ ಅಂತ ಸಮಾಜ ವಿಜ್ಞಾನದವರಿಗೆ ಮೊದಲ ಎರಡು ವರ್ಷ ವರ್ಷಕ್ಕೆ 10,000, ಆಮೇಲೆ ವರ್ಷಕ್ಕೆ 20,500. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಅದು ಊರಿನ ದರ್ಜೆಯ ಮೇಲೆ ಹೋಗುತ್ತದೆ. ಬೆಂಗಳೂರು ಮೊದಲ ದರ್ಜೆ, ಶಿವಮೊಗ್ಗ ಕೊನೆಯ ದರ್ಜೆ. ಹಾಗಾಗಿ ಇಲ್ಲಿ ಭತ್ಯೆ ಕಮ್ಮಿ. ಬಾಡಿಗೆಯೂ ಕಮ್ಮಿ.

ಆದರೆ ಜೆಆರ್‌ಎಫ್‌ನ ದೊಡ್ಡ ಗುಣ ದುಡ್ಡಲ್ಲ ಅನ್ನೋದು ನನ್ನ ಅಭಿಪ್ರಾಯ. ಇದು ನೋಂದಣಿಗೆ ಮೊದಲೇ ಕೈಗೆ ಬರುತ್ತದೆ. ಅವಾರ್ಡ್ ಲೆಟರ್ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಅಷ್ಟರೊಳಗೆ ನಿಮಗೆ ಬೇಕಾದ ವಿಶ್ವವಿದ್ಯಾಲಯ, ಬೇಕಾದ ಗೈಡ್ ನೋಡಿ ಸೇರಿಕೊಳ್ಳಬಹುದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೇ ಹೋಗಿ, ಹೈದರಾಬಾದಿಗೇ ಹೋಗಿ, ದುಡ್ಡು ನಿಮ್ಮ ಜೊತೆಗೆ ಬರುತ್ತದೆ. ಜೆಆರ್‌ಎಫ್ ಆದವರು ಬಂದರೆ ಗೈಡ್‌ಗಳೂ ಬೇಗ ಒಪ್ಪುತ್ತಾರೆ. ಉಳಿದವರು ಗೈಡ್ ಸಿಕ್ಕಿದರೆ ಸಾಕು ಅಂತ ಅವರು ಹೇಳಿದ ವಿಷಯ ತಗೊಳ್ಳುತ್ತಾರೆ. ಐದು ವರ್ಷ ಮನಸ್ಸಿಲ್ಲದ ವಿಷಯದ ಜೊತೆ ಬದುಕೋದು ಸುಲಭವಲ್ಲ.

ವಯಸ್ಸಿನ ಮಿತಿ 30. ಹೆಣ್ಣುಮಕ್ಕಳಿಗೆ, ಒಬಿಸಿ, ಎಸ್‌ಸಿ, ಎಸ್‌ಟಿ, ಅಂಗವಿಕಲರಿಗೆ, ತೃತೀಯ ಲಿಂಗಿಗಳಿಗೆ ಐದು ವರ್ಷ ರಿಯಾಯಿತಿ ಇದೆ. ಎಂ.ಎ. ಮುಗಿಸಿ, ಬಿ.ಎಡ್. ಮಾಡಿ, ಎರಡು ವರ್ಷ ಖಾಸಗಿ ಕಾಲೇಜಿನಲ್ಲಿ ಪಾಠ ಮಾಡಿ, ಆಮೇಲೆ ನೋಡೋಣ ಅಂದುಕೊಂಡವರಿಗೆ ಈ ಮಿತಿ ಗೊತ್ತಾಗುವುದು ದಾಟಿದ ಮೇಲೆ. ದಯವಿಟ್ಟು ಮೊದಲೇ ಲೆಕ್ಕ ಹಾಕಿ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸುತ್ತಿನಲ್ಲಿ ಬರುತ್ತದೆ.

ನಮ್ಮ ಕಡೆಯ ಮಕ್ಕಳಿಗೆ ನಿಜವಾದ ತೊಡಕು ಭಾಷೆ. ನೆಟ್‌ನ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಸಾಗರ, ಸೊರಬ, ತೀರ್ಥಹಳ್ಳಿಯಲ್ಲಿ ಕನ್ನಡದಲ್ಲಿ ಪದವಿ ಓದಿ ಬಂದವರು ಅಲ್ಲಿ ಎಡವುತ್ತಾರೆ. ವಿಷಯ ಗೊತ್ತಿಲ್ಲದೆ ಸೋತವರಿಗಿಂತ, ಪ್ರಶ್ನೆಯ ಇಂಗ್ಲಿಷ್ ಬಿಡಿಸಿಕೊಳ್ಳುವುದರಲ್ಲೇ ಹೊತ್ತು ಕಳೆದು ಸೋತವರನ್ನು ನಾನು ಜಾಸ್ತಿ ನೋಡಿದ್ದೇನೆ. ಇದಕ್ಕೆ ನಾನು ಹೇಳುವುದು ಒಂದೇ ಉಪಾಯ. ಒಂದು ನೋಟ್‌ಬುಕ್ ಇಡಿ. ಎಡಗಡೆ ಕನ್ನಡ, ಬಲಗಡೆ ಅದೇ ಮಾತಿನ ಇಂಗ್ಲಿಷ್. ಗೇಣಿ, ಒಕ್ಕಲು, ಶ್ರೇಣೀಕರಣ, ವಿಕೇಂದ್ರೀಕರಣ, ಹೀಗೆ ದಿನಕ್ಕೆ ಹತ್ತು. ಮೂರು ತಿಂಗಳಲ್ಲಿ ವಿಷಯದ ಮುಖ್ಯ ಮಾತುಗಳೆಲ್ಲ ಎರಡೂ ಭಾಷೆಯಲ್ಲಿ ಕೈಗೆ ಬರುತ್ತವೆ. ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆ, 100 ಅಂಕ. ಎರಡನೆಯದರಲ್ಲಿ 100 ಪ್ರಶ್ನೆ, 200 ಅಂಕ. ಎರಡೂ ಒಟ್ಟಿಗೆ ಮೂರು ಗಂಟೆಯಲ್ಲಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ.

2024ರ ಜೂನ್ ಸುತ್ತಿನಿಂದ ನೆಟ್ ಫಲಿತಾಂಶ ಮೂರು ತರದಲ್ಲಿ ಬರುತ್ತಿದೆ. ಮೊದಲನೆಯದರಲ್ಲಿ ಫೆಲೋಶಿಪ್ ಮತ್ತು ಅಧ್ಯಾಪಕರ ಅರ್ಹತೆ ಎರಡೂ ಇದೆ. ಎರಡನೆಯದರಲ್ಲಿ ಅಧ್ಯಾಪಕರ ಅರ್ಹತೆ, ಪಿಎಚ್‌.ಡಿ. ಪ್ರವೇಶ. ಮೂರನೆಯದರಲ್ಲಿ ಪಿಎಚ್‌.ಡಿ. ಪ್ರವೇಶ ಮಾತ್ರ. ಎರಡು ಮತ್ತು ಮೂರನೆಯ ತರದವರಿಗೆ ಪ್ರವೇಶದಲ್ಲಿ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30. ಆದರೆ ಆ ಅಂಕ ಪ್ರವೇಶಕ್ಕೆ ನಡೆಯುವುದು ಒಂದು ವರ್ಷ ಮಾತ್ರ. "ನೆಟ್ ಪಾಸಾಗಿದೆ" ಅಂತ ಸಂಭ್ರಮಪಟ್ಟು, ದುಡ್ಡು ಬರುತ್ತದೆ ಅಂತ ಕಾದು, ಆಮೇಲೆ ತಮ್ಮದು ಮೂರನೆಯ ತರ ಅಂತ ತಿಳಿದು ಕುಗ್ಗಿದವರಿದ್ದಾರೆ. ಫಲಿತಾಂಶದ ಹಾಳೆ ಸರಿಯಾಗಿ ಓದಿ.

ಇನ್ನೊಂದು ಗೊಂದಲ ಕೆಸೆಟ್, ಅಂದರೆ ರಾಜ್ಯದ ಅರ್ಹತಾ ಪರೀಕ್ಷೆಯ ಬಗ್ಗೆ. ಕೆಸೆಟ್ ಕನ್ನಡದಲ್ಲೂ ಬರೆಯಬಹುದು, ಕರ್ನಾಟಕದಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಅರ್ಹತೆ ಕೊಡುತ್ತದೆ. ಫೆಲೋಶಿಪ್ ಕೊಡುವುದಿಲ್ಲ. ಎರಡಕ್ಕೂ ಪಠ್ಯ ಹೆಚ್ಚುಕಮ್ಮಿ ಒಂದೇ ಆದ್ದರಿಂದ ಎರಡೂ ಬರೆಯಿರಿ. ಆದರೆ ಒಂದರ ಬದಲು ಇನ್ನೊಂದು ಅಂದುಕೊಳ್ಳಬೇಡಿ.

ಜೆಆರ್‌ಎಫ್ ತಗೊಂಡರೆ ಬಿಡಬೇಕಾದ್ದು ಸಂಬಳ. ಪಿಎಚ್‌.ಡಿ. ಪೂರ್ಣಾವಧಿಯದ್ದಾಗಿರಬೇಕು. ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಾ ಫೆಲೋಶಿಪ್ ಪಡೆಯುವ ಹಾಗಿಲ್ಲ. ಮನೆ ನಡೆಸುವ ಹೊಣೆ ಇರುವವರು ಇದನ್ನು ಮನೆಯವರ ಜೊತೆ ಕೂತು ಮಾತಾಡಬೇಕು. ಕೆಲಸ ಬಿಡಲು ಆಗದಿದ್ದರೆ ಅರೆಕಾಲಿಕ ಪಿಎಚ್‌.ಡಿ.ಗೆ ಯುಜಿಸಿಯ 2022ರ ನಿಯಮದಲ್ಲಿ ಅವಕಾಶ ಇದೆ. ಕೆಲಸ ಮಾಡುವ ಕಡೆಯಿಂದ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ತರಬೇಕು. ಆಗ ತಿಂಗಳ ಫೆಲೋಶಿಪ್ ಆಸೆ ಬಿಡಬೇಕು. ಇದೇ ನಿಯಮದಲ್ಲಿ ಹೆಣ್ಣುಮಕ್ಕಳಿಗೆ ಹೆರಿಗೆ ಮತ್ತು ಮಕ್ಕಳ ಆರೈಕೆಗೆ ಪಿಎಚ್‌.ಡಿ. ಅವಧಿಯಲ್ಲಿ 240 ದಿನದವರೆಗೆ ರಜೆ ಇದೆ. ಈ ಮಾತನ್ನು ಯಾರೂ ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು.

ಅದೇ ದುಡ್ಡು, ಬೇರೆ ಬಾಗಿಲು

37,000 ಮತ್ತು 42,000 ಸಿಗುವುದು ಜೆಆರ್‌ಎಫ್‌ನಲ್ಲಿ ಮಾತ್ರ ಅಲ್ಲ. ಪರಿಶಿಷ್ಟ ಜಾತಿಯವರಿಗೆ ರಾಷ್ಟ್ರೀಯ ಫೆಲೋಶಿಪ್ ಇದೆ, ವರ್ಷಕ್ಕೆ 2,000 ಸ್ಥಾನ. ಹಿಂದುಳಿದ ವರ್ಗದವರಿಗೆ 1,000 ಸ್ಥಾನ. ಇವೆರಡಕ್ಕೂ ಆಯ್ಕೆ ನಡೆಯುವುದು ನೆಟ್ ಮೂಲಕವೇ. ನೆಟ್ ಅರ್ಜಿ ತುಂಬುವಾಗ ಈ ಫೆಲೋಶಿಪ್‌ಗೂ ನನ್ನನ್ನು ಪರಿಗಣಿಸಿ ಅನ್ನುವ ಕಡೆ ಗುರುತು ಹಾಕಬೇಕು. ಸೈಬರ್ ಸೆಂಟರಿನಲ್ಲಿ ಅರ್ಜಿ ಹಾಕಿಸುವವರು ಇದನ್ನು ಖುದ್ದಾಗಿ ನೋಡಿಕೊಳ್ಳಿ. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಫೆಲೋಶಿಪ್ ಇದೆ, ವರ್ಷಕ್ಕೆ 750 ಸ್ಥಾನ.

ಇನ್ನೊಂದನ್ನು ನಮ್ಮ ಕಡೆ ಬಹಳ ಜನ ಕೇಳಿಯೇ ಇಲ್ಲ. ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್. ಅಪ್ಪ-ಅಮ್ಮನಿಗೆ ಒಬ್ಬಳೇ ಮಗಳಾಗಿದ್ದು, ಅಣ್ಣತಮ್ಮ ಅಕ್ಕತಂಗಿ ಯಾರೂ ಇಲ್ಲದಿದ್ದರೆ ಅರ್ಜಿ ಹಾಕಬಹುದು. ಯುಜಿಸಿ ಕೊಡುತ್ತದೆ. ಮೊತ್ತ ಜೆಆರ್‌ಎಫ್‌ನಷ್ಟೇ. ವಯಸ್ಸು 40ರವರೆಗೆ, ಮೀಸಲಾತಿ ಇರುವವರಿಗೆ 45ರವರೆಗೆ. ಪೂರ್ಣಾವಧಿ ಪಿಎಚ್‌.ಡಿ.ಗೆ ಮೊದಲೇ ನೋಂದಣಿ ಆಗಿರಬೇಕು, ಒಬ್ಬಳೇ ಮಗಳು ಅನ್ನುವುದಕ್ಕೆ ಅಫಿಡವಿಟ್ ಕೊಡಬೇಕು. ಜೆಆರ್‌ಎಫ್ ವಯಸ್ಸು ದಾಟಿದ ಒಬ್ಬಳೇ ಮಗಳಿಗೆ ಇದಕ್ಕಿಂತ ಒಳ್ಳೆಯ ಅವಕಾಶ ನನಗೆ ಕಾಣುವುದಿಲ್ಲ.

ರಾಜ್ಯದ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಇಲಾಖೆಗಳೂ ಪಿಎಚ್‌.ಡಿ. ಮಾಡುವವರಿಗೆ ಸಹಾಯಧನ ಕೊಡುತ್ತವೆ. ಮೊತ್ತ, ಷರತ್ತು ಸರ್ಕಾರದ ಆದೇಶದ ಜೊತೆ ಬದಲಾಗುತ್ತಾ ಇರುತ್ತವೆ. ಹಾಗಾಗಿ ಶಿವಮೊಗ್ಗದ ಜಿಲ್ಲಾ ಕಚೇರಿಗೆ ಹೋಗಿ ಆ ವರ್ಷದ ಸುತ್ತೋಲೆ ಕೇಳಿ ಪಡೆಯುವುದು ಒಳ್ಳೆಯದು.

ಐಸಿಎಸ್‌ಎಸ್‌ಆರ್: ಪರೀಕ್ಷೆಯಲ್ಲ, ಪ್ರಸ್ತಾವನೆ

ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ 1969ರಲ್ಲಿ ಶುರುವಾಯಿತು. ಅದರ ಡಾಕ್ಟೋರಲ್ ಫೆಲೋಶಿಪ್ ತಿಂಗಳಿಗೆ 20,000, ಕಂಟಿಂಜೆನ್ಸಿ ವರ್ಷಕ್ಕೆ 20,000, ಎರಡು ವರ್ಷ. ಎಲ್ಲ ಸೇರಿ 5,20,000 ರೂಪಾಯಿ. ಜೆಆರ್‌ಎಫ್‌ನ 24 ಲಕ್ಷದ ಮುಂದೆ ಇಟ್ಟರೆ ಐದನೇ ಒಂದು ಭಾಗದಷ್ಟು.

ಆದರೂ ಇದು ಪಟ್ಟಿಯಲ್ಲಿ ಕೆಳಗೆ ಹೋಗುವುದಿಲ್ಲ. ಕಾರಣ ಎರಡು. ವಯಸ್ಸಿನ ಮಿತಿ 40. ಜೆಆರ್‌ಎಫ್ ತಪ್ಪಿದವರಿಗೆ, ಕೆಲಸ ಬಿಟ್ಟು ಬಂದವರಿಗೆ, ಮದುವೆ ಮಕ್ಕಳು ಆದ ಮೇಲೆ ಓದಿಗೆ ಮರಳಿದವರಿಗೆ ಬಾಗಿಲು ತೆರೆದಿರುತ್ತದೆ. ಎರಡನೆಯದು, ಇಲ್ಲಿ ನೀವು ಬರೆದು ಕೊಡುವ ಸಂಶೋಧನಾ ಪ್ರಸ್ತಾವನೆಗೆ ತೂಕ ಇದೆ. ಟಿಕ್ ಹಾಕುವ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಒಳ್ಳೆಯ ಪ್ರಶ್ನೆ ಇಟ್ಟುಕೊಂಡು ಮುಂದೆ ಬರಬಹುದು.

ಹಾಗಾದರೆ ಒಳ್ಳೆಯ ಪ್ರಶ್ನೆ ಯಾವುದು? ನನ್ನ ಹತ್ತಿರ ಓದಲು ಕೊಡುವ ಪ್ರಸ್ತಾವನೆಗಳಲ್ಲಿ ಅರ್ಧಕ್ಕರ್ಧ "ಮಲೆನಾಡಿನ ರೈತರ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಗತಿ: ಒಂದು ಅಧ್ಯಯನ" ಅನ್ನುವ ತರದವು. ಇದರಲ್ಲಿ ಪ್ರಶ್ನೆಯೇ ಇಲ್ಲ. ಓದುವವರು ದೆಹಲಿಯಲ್ಲಿ ಕೂತು ನೂರಾರು ಪ್ರಸ್ತಾವನೆ ನೋಡುತ್ತಿರುತ್ತಾರೆ. ಅವರಿಗೆ ಈ ಶೀರ್ಷಿಕೆ ಬೀದರ್‌ನಿಂದ ಬಂದರೂ ಒಂದೇ, ಬೈಂದೂರಿನಿಂದ ಬಂದರೂ ಒಂದೇ. ಹೋದ ವರ್ಷ ಒಬ್ಬ ಹುಡುಗ ಇದೇ ಶೀರ್ಷಿಕೆ ತಂದಿದ್ದ. ಸಾಗರ ತಾಲ್ಲೂಕಿನವನು. "ನಿಮ್ಮ ಮನೆ ಜಮೀನು ಹೇಗೆ ಬಂತು?" ಅಂತ ಕೇಳಿದೆ. ಅಜ್ಜ ಗೇಣಿಗೆ ಮಾಡುತ್ತಿದ್ದದ್ದು, 1974ರ ಕಾನೂನು ಬಂದ ಮೇಲೆ ಡಿಕ್ಲರೇಷನ್ ಹಾಕಿ ಪಡೆದದ್ದು ಅಂದ. ಪಹಣಿ ಯಾರ ಹೆಸರಲ್ಲಿದೆ? ಅಪ್ಪ, ಚಿಕ್ಕಪ್ಪ. ಅತ್ತೆಯರದ್ದು? ಅವನು ಸುಮ್ನೆ ಕೂತ. ಸ್ವಲ್ಪ ಹೊತ್ತಾದ ಮೇಲೆ, "ಅವರ ಹೆಸರು ಎಲ್ಲೂ ಇಲ್ಲ ಮೇಡಂ" ಅಂದ.

ಅಲ್ಲೇ ಪ್ರಶ್ನೆ ಹುಟ್ಟಿತು. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ ತಾಲ್ಲೂಕು ಅದು. ಭೂಸುಧಾರಣೆಯಲ್ಲಿ ಒಕ್ಕಲು ಪಡೆದ ಜಮೀನು ಎರಡು ತಲೆಮಾರು ದಾಟುವಾಗ ಆ ಮನೆಗಳ ಹೆಣ್ಣುಮಕ್ಕಳಿಗೆ ಏನು ಸಿಕ್ಕಿತು? ಎರಡು ಹಳ್ಳಿ, ಭೂನ್ಯಾಯ ಮಂಡಳಿಯ ಆದೇಶಗಳು, ಈಗಿನ ಪಹಣಿ, ಮನೆಮನೆಯ ಮಾತು. ಎರಡು ವರ್ಷದ ಫೆಲೋಶಿಪ್‌ನಲ್ಲಿ ಮುಗಿಯುವ ಕೆಲಸ ಇದು, ಓದುವವರಿಗೆ ಅದು ಕಾಣಿಸುತ್ತದೆ. ಶರಾವತಿ ಮುಳುಗಡೆ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಬಗರ್ ಹುಕುಂ, ಭದ್ರಾವತಿಯ ಕಾರ್ಖಾನೆ ನಿಂತ ಮೇಲಿನ ಬದುಕು, 1957ರಲ್ಲಿ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ. ನಮ್ಮ ಸುತ್ತ ಇರುವ ವಿಷಯಗಳು ಜಗತ್ತು ಕೇಳಬೇಕಾದವು. ಅವನ್ನು "ಒಂದು ಅಧ್ಯಯನ" ಅಂತ ಮುಗಿಸಬೇಡಿ.

ಐಸಿಎಸ್‌ಎಸ್‌ಆರ್‌ಗೆ ಅರ್ಜಿ ಹಾಕಲು ಪಿಎಚ್‌.ಡಿ. ನೋಂದಣಿ ಆಗಿರಬೇಕು. ದುಡ್ಡು ನೇರವಾಗಿ ನಿಮಗಲ್ಲ, ಸಂಸ್ಥೆಯ ಮೂಲಕ ಕಂತಿನಲ್ಲಿ ಬರುತ್ತದೆ. ಪ್ರಗತಿ ವರದಿ, ಖರ್ಚಿನ ಲೆಕ್ಕ ಹೋಗದೆ ಮುಂದಿನ ಕಂತು ಇಲ್ಲ. ಜೆಆರ್‌ಎಫ್ ಬರುತ್ತಿರುವಾಗ ಇದನ್ನೂ ಪಡೆಯುವ ಹಾಗಿಲ್ಲ. ತಿಂಗಳ ಫೆಲೋಶಿಪ್ ಯಾವುದಾದರೂ ಒಂದೇ. ಇತಿಹಾಸದವರಿಗೆ ಐಸಿಎಚ್‌ಆರ್, ತತ್ವಶಾಸ್ತ್ರದವರಿಗೆ ಐಸಿಪಿಆರ್ ಇದೇ ತರದ ಫೆಲೋಶಿಪ್ ಕೊಡುತ್ತವೆ.

ಎಲ್ಲಿ ಸೇರುತ್ತೀರಿ ಅನ್ನುವುದೂ ದುಡ್ಡಿನ ಪ್ರಶ್ನೆಯೇ

ಹುಡುಗಿಯ ಪಟ್ಟಿಯಲ್ಲಿದ್ದ 8,000 ನಾನ್-ನೆಟ್ ಫೆಲೋಶಿಪ್, ಅಂದರೆ ನೆಟ್ ಮೂಲಕ ಫೆಲೋಶಿಪ್ ಸಿಗದವರಿಗೆ ಕೊಡುವುದು. ಇದಕ್ಕೆ ಬೇರೆ ಪರೀಕ್ಷೆ ಇಲ್ಲ. ಆದರೆ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಮಾತ್ರ. ಕಲಬುರಗಿ ಹತ್ತಿರ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಅಂಥದ್ದು. ನಮ್ಮ ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಆದ ರಾಜ್ಯ ವಿಶ್ವವಿದ್ಯಾಲಯ, ಇಲ್ಲಿ ಅದು ಅನ್ವಯಿಸುವುದಿಲ್ಲ. ಈಗಿನ ಬೆಲೆಯಲ್ಲಿ 8,000ಕ್ಕೆ ಮನೆ ಬಿಟ್ಟು ಹೋಗಿ ಬದುಕುವುದು ಕಷ್ಟ. ಹಾಸ್ಟೆಲ್ ಖಚಿತವಾಗಿ ಸಿಕ್ಕರೆ ಮಾತ್ರ ಯೋಚಿಸಿ.

ಐಐಟಿಗಳ ಮಾನವಿಕ ಮತ್ತು ಸಮಾಜ ವಿಜ್ಞಾನ ವಿಭಾಗಗಳಲ್ಲಿ ಪೂರ್ಣಾವಧಿ ಪಿಎಚ್‌.ಡಿ. ಮಾಡುವವರಿಗೆ ಸಂಸ್ಥೆಯೇ ಫೆಲೋಶಿಪ್ ಕೊಡುತ್ತದೆ. ಬೆಂಗಳೂರಿನ ನಾಗರಬಾವಿಯಲ್ಲಿ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಇದೆ, ಎಲ್ಲರೂ ಐಸೆಕ್ ಅನ್ನುತ್ತಾರೆ. ಧಾರವಾಡದಲ್ಲಿ ಸಿಎಂಡಿಆರ್ ಅನ್ನುವ ಅಭಿವೃದ್ಧಿ ಸಂಶೋಧನಾ ಕೇಂದ್ರ ಇದೆ. ಇವೆರಡೂ ಐಸಿಎಸ್‌ಎಸ್‌ಆರ್ ಬೆಂಬಲದ ಸಂಸ್ಥೆಗಳು. ಅಂಕಿಅಂಶ, ಹಳ್ಳಿ ಸಮೀಕ್ಷೆ, ಕೃಷಿ ಅರ್ಥಶಾಸ್ತ್ರದ ಕಡೆ ಮನಸ್ಸಿರುವವರಿಗೆ ಅಲ್ಲಿಯ ಲೈಬ್ರರಿ ಮತ್ತು ಜೊತೆಯವರು ದೊಡ್ಡ ಆಸ್ತಿ.

ಶಂಕರಘಟ್ಟದ ಪರವಾಗಿ ನಾನು ಹೇಳುವುದು ಬೇರೆ. ನಿಮ್ಮ ವಿಷಯ ಮಲೆನಾಡಿನದ್ದಾದರೆ ಕ್ಷೇತ್ರ ಬಾಗಿಲಲ್ಲೇ ಇದೆ. ಬೆಂಗಳೂರಿನಲ್ಲಿ ಸೇರಿದವರು ತಿಂಗಳಿಗೆರಡು ಸಲ ಬಸ್ಸಿಗೆ ಕೊಡುವ ದುಡ್ಡು ಇಲ್ಲಿ ಉಳಿಯುತ್ತದೆ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬಹುದು. ಕೈಯಲ್ಲಿ ಜೆಆರ್‌ಎಫ್ ಇದ್ದು, ಊರಿನ ವಿಷಯ ಇದ್ದು, ಒಪ್ಪುವ ಗೈಡ್ ಸಿಕ್ಕರೆ ಇಲ್ಲೇ ಸೇರಿ. ಜೆಆರ್‌ಎಫ್ ಇಲ್ಲದಿದ್ದರೆ, ಸಂಸ್ಥೆಯೇ ದುಡ್ಡು ಕೊಡುವ ಕಡೆಗೆ ಮೊದಲು ಪ್ರಯತ್ನಿಸಿ.

ಊರೂರು ತಿರುಗುವ ಖರ್ಚು

ನನ್ನ ಕೆಲಸ ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆದಾಗ ನೀರು ಸುತ್ತುವರಿದು ದ್ವೀಪದಂತಾದ ಊರುಗಳು. ಆಗ ಸೇತುವೆ ಇರಲಿಲ್ಲ. ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಬೇಕಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಅವತ್ತು ಆ ದಡದಲ್ಲೇ. ನನ್ನ ಹಳೆಯ ಖರ್ಚಿನ ಪುಸ್ತಕದಲ್ಲಿ ಒಂದು ದಿನದ ಪುಟ ಹೀಗಿದೆ: ಬಸ್ಸು, ಲಾಂಚ್, ಬಾಡಿಗೆ ಜೀಪು, ಮಧ್ಯಾಹ್ನದ ಊಟ, ಝೆರಾಕ್ಸ್, ರೆಕಾರ್ಡರಿಗೆ ಸೆಲ್, ಮಕ್ಕಳಿಗೆ ಬಿಸ್ಕತ್ತು. ಇದರಲ್ಲಿ ರಸೀದಿ ಸಿಕ್ಕಿದ್ದು ಝೆರಾಕ್ಸಿಗೆ ಮತ್ತು ಸೆಲ್ಲಿಗೆ ಮಾತ್ರ. ಜಾಸ್ತಿ ಹೋಗಿದ್ದು ಜೀಪಿಗೆ. ಜೀಪಿನವರು ರಸೀದಿ ಎಲ್ಲಿಂದ ಕೊಡುತ್ತಾರೆ?

ವರ್ಷಕ್ಕೆ 10,000 ಕಂಟಿಂಜೆನ್ಸಿ ಅಂದರೆ ತಿಂಗಳಿಗೆ 833 ರೂಪಾಯಿ. ಮಲೆನಾಡಿನ ಒಂಟಿ ಮನೆಗಳಿಗೆ ಅಲೆಯುವ ಸಂಶೋಧನೆಗೆ ಅದು ಎಲ್ಲಿಗೂ ಸಾಲದು. ಹಾಗಾಗಿ ಕ್ಷೇತ್ರಕಾರ್ಯದ ದುಡ್ಡನ್ನು ಬೇರೆಯಾಗಿಯೇ ಹುಡುಕಬೇಕು.

ಮಾನವಶಾಸ್ತ್ರದ ಕಡೆ ವಾಲುವ ಕೆಲಸವಾದರೆ ಅಮೆರಿಕದ ವೆನ್ನರ್-ಗ್ರೆನ್ ಫೌಂಡೇಷನ್ನಿನ ಡಿಸರ್ಟೇಷನ್ ಫೀಲ್ಡ್‌ವರ್ಕ್ ಗ್ರಾಂಟ್ ನೋಡಿ. 25,000 ಡಾಲರ್‌ವರೆಗೆ ಕೊಡುತ್ತಾರೆ. ಯಾವ ದೇಶದವರಾದರೂ ಹಾಕಬಹುದು, ಪಿಎಚ್‌.ಡಿ.ಗೆ ಸೇರಿರಬೇಕು. ಸ್ಪರ್ಧೆ ಇಡೀ ಜಗತ್ತಿನದ್ದು. ಮೊದಲ ಸಲ ಸಿಗದಿದ್ದರೆ ತಿದ್ದಿ ಮತ್ತೆ ಹಾಕುವವರು ಬಹಳ. ನಮ್ಮ ಕಡೆಯವರು ಹಾಕುವುದೇ ಇಲ್ಲ ಅನ್ನುವುದು ನನ್ನ ಬೇಸರ.

ಯಕ್ಷಗಾನ, ಹಸೆ ಚಿತ್ತಾರ, ಭೂಮಣ್ಣಿ ಬುಟ್ಟಿ, ಅಂಟಿಗೆ ಪಂಟಿಗೆ, ಹೀಗೆ ಕಲೆಗೆ ತಾಗಿದ ವಿಷಯವಾದರೆ ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಇದೆ. ಪ್ರಸ್ತಾವನೆಯನ್ನು ಕನ್ನಡದಲ್ಲೇ ಬರೆದು ಕಳಿಸಬಹುದು. ಇದು ಪದವಿಗೆ ಕೊಡುವ ದುಡ್ಡಲ್ಲ, ಕಲೆಯ ಬಗ್ಗೆ ಒಂದು ನಿರ್ದಿಷ್ಟ ಕೆಲಸಕ್ಕೆ ಕೊಡುವುದು. ಕಾಡು, ಪ್ರಾಣಿ, ಜನ ಸೇರುವ ವಿಷಯದವರಿಗೆ ಬ್ರಿಟನ್ನಿನ ರಫರ್ಡ್ ಫೌಂಡೇಷನ್ ಇದೆ. ಆದರೆ ಅವರು ಬರೀ ಪ್ರಬಂಧಕ್ಕೆ ಕೊಡುವುದಿಲ್ಲ, ಸಂರಕ್ಷಣೆಗೆ ನೆಲದ ಮೇಲೆ ಏನಾದರೂ ಆಗಬೇಕು.

ಇನ್ನೊಂದು ಮಾತು ಕಾಲದ್ದು. ಫೆಲೋಶಿಪ್ ಕ್ಯಾಲೆಂಡರಿಗೂ ಮಲೆನಾಡಿನ ಕ್ಯಾಲೆಂಡರಿಗೂ ಹೊಂದುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಅಡಿಕೆಗೆ ಕೊಳೆ ರೋಗದ ಔಷಧಿ, ಗದ್ದೆ ನಾಟಿ. ರಸ್ತೆ ಹೋಗಿರುತ್ತದೆ, ಕರೆಂಟ್ ಇರುವುದಿಲ್ಲ. ನವೆಂಬರ್‌ನಿಂದ ಜನವರಿ ತನಕ ಅಡಿಕೆ ಕೊಯ್ಲು. ಹಗಲು ಯಾರಿಗೂ ಮಾತಾಡಲು ಪುರುಸೊತ್ತಿಲ್ಲ. ಆದರೆ ರಾತ್ರಿ ಅಡಿಕೆ ಸುಲಿಯುವ ಹೊತ್ತಿದೆಯಲ್ಲ, ಸಂದರ್ಶನಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ನಾನು ಕಂಡಿಲ್ಲ. ಮೆಟ್ಟುಗತ್ತಿ ಮುಂದಿಟ್ಟುಕೊಂಡು ಹತ್ತು ಹದಿನೈದು ಹೆಂಗಸರು ಸಾಲಾಗಿ ಕೂತಿರುತ್ತಾರೆ. ಕೈ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ, ಬಾಯಿ ಬಿಡುವಾಗಿರುತ್ತದೆ. ಮುಳುಗಡೆಯ ದಿನ ದನ ಎಲ್ಲಿಗೆ ಹೊಡೆದರು, ಯಾವ ದೇವರನ್ನು ಎತ್ತಿಕೊಂಡು ಬಂದರು, ಯಾರ ಮನೆಯ ಹೆಂಚು ಯಾರ ಮನೆಗೆ ಬಂತು, ಹಗಲಿನಲ್ಲಿ ಮೂರು ಸಲ ಹೋದರೂ ಸಿಗದ ಮಾತು ನನಗೆ ಆ ಚಪ್ಪರದಲ್ಲಿ ಸಿಕ್ಕಿತು. ನಾನೂ ಒಂದು ಮಣೆ ಎಳೆದುಕೊಂಡು ಸುಲಿಯಲು ಕೂತೆ. ಚೊಗರು ಹತ್ತಿದ ಬೆರಳಿನಲ್ಲೇ ಬರೆದದ್ದರಿಂದ ಆ ನೋಟ್‌ಬುಕ್ಕಿನ ಅಂಚು ಈಗಲೂ ಕಂದು ಬಣ್ಣ.

ಇದನ್ನು ಯಾಕೆ ಹೇಳಿದೆ ಅಂದರೆ, ಎರಡು ವರ್ಷದ ಫೆಲೋಶಿಪ್‌ನಲ್ಲಿ ನಿಮಗೆ ಸಿಗುವುದು ಎರಡೇ ಕೊಯ್ಲು. ಮೊದಲ ಕಂತು ತಡವಾಗಿ ಒಂದು ಕೊಯ್ಲು ತಪ್ಪಿದರೆ ಅರ್ಧ ಕ್ಷೇತ್ರಕಾರ್ಯ ಹೋಯಿತು. ಐದು ವರ್ಷದ ಜೆಆರ್‌ಎಫ್‌ನಲ್ಲಿ ಒಂದು ತಪ್ಪಿದರೂ ನಾಲ್ಕು ಉಳಿಯುತ್ತದೆ. ಮೊತ್ತಕ್ಕಿಂತ ಈ ವ್ಯತ್ಯಾಸ ದೊಡ್ಡದು.

ಹೊರದೇಶಕ್ಕೆ

ಇಲ್ಲೇ ಪಿಎಚ್‌.ಡಿ. ಮಾಡುತ್ತಾ ಸ್ವಲ್ಪ ಕಾಲ ಹೊರಗೆ ಹೋಗಿ ಬರಬೇಕು ಅನ್ನುವವರಿಗೆ ಫುಲ್‌ಬ್ರೈಟ್-ನೆಹರು ಡಾಕ್ಟೋರಲ್ ರಿಸರ್ಚ್ ಫೆಲೋಶಿಪ್ ಚೆನ್ನಾಗಿದೆ. ಆರರಿಂದ ಒಂಬತ್ತು ತಿಂಗಳು ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಇರಬಹುದು. ನೋಂದಣಿಯಾಗಿ ಒಂದು ವರ್ಷವಾದರೂ ಆಗಿರಬೇಕು. ಹಾಗಾಗಿ ಇದು ಎರಡನೆಯ, ಮೂರನೆಯ ವರ್ಷಕ್ಕೆ ಸರಿ. ಬ್ರಿಟನ್ನಿನ ಗ್ರಂಥಾಲಯ, ದಾಖಲೆ ನೋಡಬೇಕಾದವರಿಗೆ ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ಕೆಲವು ವಾರಗಳ ಓಡಾಟಕ್ಕೆ ಸಹಾಯ ಮಾಡುತ್ತದೆ. ಮಲೆನಾಡಿನ ಹಳೆಯ ಕಂದಾಯ, ಅರಣ್ಯದ ಇತಿಹಾಸ ಬರೆಯುವವರಿಗೆ ಇದು ಉಪಯೋಗ.

ಹೊರಗೇ ಹೋಗಿ ಪೂರ್ತಿ ಪಿಎಚ್‌.ಡಿ. ಮಾಡಲು ಪರಿಶಿಷ್ಟ ಜಾತಿ ಮುಂತಾದವರಿಗೆ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 125 ಸ್ಥಾನ. ಆದರೆ 2022ರ ಮಾರ್ಗಸೂಚಿಯಲ್ಲಿ ಒಂದು ಷರತ್ತು ಸೇರಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜದ ಅಧ್ಯಯನ ವಿಷಯವಾಗಿದ್ದರೆ ಕೊಡುವುದಿಲ್ಲ ಅಂತ. ಜಾತಿಯ ಬಗ್ಗೆ, ತಮ್ಮ ಊರಿನ ಬಗ್ಗೆ ಬರೆಯಬೇಕು ಅಂತ ಹೊರಟ ಮಕ್ಕಳಿಗೆ ಇದು ಅನ್ಯಾಯ ಅಂತಲೇ ನನಗೆ ಅನ್ನಿಸುತ್ತದೆ. ಸಮಾಜ ವಿಜ್ಞಾನದವರು ಅರ್ಜಿ ಹಾಕುವ ಮೊದಲು ಆ ವರ್ಷದ ಮಾರ್ಗಸೂಚಿಯಲ್ಲಿ ಈ ಸಾಲು ಹೇಗಿದೆ ಅಂತ ಓದಲೇಬೇಕು. ಕರ್ನಾಟಕದ ಪರಿಶಿಷ್ಟ ವಿದ್ಯಾರ್ಥಿಗಳಿಗೆ ರಾಜ್ಯದ ಪ್ರಬುದ್ಧ ಯೋಜನೆ ಇನ್ನೊಂದು ದಾರಿ.

ಸಿಕ್ಕಿದ ಮೇಲೆ, ಬರುವ ತನಕ

ಫೆಲೋಶಿಪ್ ಮಂಜೂರಾದ ದಿನಕ್ಕೂ ದುಡ್ಡು ಖಾತೆಗೆ ಬೀಳುವ ದಿನಕ್ಕೂ ನಡುವೆ ದೊಡ್ಡ ಹೊಳೆ ಇದೆ. ನನಗೆ ಮೊದಲ ಕಂತು ಬರುವಷ್ಟರಲ್ಲಿ ಒಂಬತ್ತು ತಿಂಗಳಾಗಿತ್ತು. ಜೋಯಿನಿಂಗ್ ರಿಪೋರ್ಟ್ ಒಂದು ಮೇಜಿನ ಮೇಲೆ ಐದು ತಿಂಗಳು ಕೂತಿತ್ತು. ಒಂದು ಸಹಿ ಬೇಕಿತ್ತು, ಅಷ್ಟೇ. ಆ ವರ್ಷ ಅಮ್ಮನ ಬಳೆ ಸೊಸೈಟಿಯಲ್ಲಿ ಇಟ್ಟು ನಾನು ತುಮರಿಗೆ ಹೋಗಿದ್ದು. ಬಾಕಿ ಒಟ್ಟಿಗೆ ಬಂತು, ಬಳೆಯೂ ವಾಪಸ್ ಬಂತು. ಆದರೆ ಅಮ್ಮ ಆ ವರ್ಷದ ಮದುವೆಗಳಿಗೆಲ್ಲ ಗಾಜಿನ ಬಳೆ ಹಾಕಿಕೊಂಡು ಹೋದಳು.

ಹಾಗಾಗಿ ಸೇರುವ ದಿನವೇ ಜೋಯಿನಿಂಗ್ ರಿಪೋರ್ಟಿನ ಮೂರು ಪ್ರತಿ ಮಾಡಿಸಿ, ಒಂದಕ್ಕೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಆಧಾರ್ ಜೋಡಣೆ ಆದ ಖಾತೆ ಇಡಿ. ಹತ್ತನೇ ತರಗತಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ತರ ಇದೆಯಾ ನೋಡಿ. ನಮ್ಮಲ್ಲಿ ಅಪ್ಪನ ಹೆಸರು, ಊರಿನ ಹೆಸರು ಹಿಂದೆ ಮುಂದೆ ಆಗಿರುವುದು ಬಹಳ. ಯುಜಿಸಿ ದುಡ್ಡು ಕೆನರಾ ಬ್ಯಾಂಕಿನ ಪೋರ್ಟಲ್ ಮೂಲಕ ಬರುತ್ತದೆ. ಪ್ರತಿ ತಿಂಗಳು ವಿಶ್ವವಿದ್ಯಾಲಯದವರು ಅಲ್ಲಿ ನಿಮ್ಮ ಹಾಜರಿ ದೃಢೀಕರಿಸಬೇಕು. ಅವರು ಮರೆತರೆ ದುಡ್ಡು ನಿಲ್ಲುತ್ತದೆ. ತಿಂಗಳ ಕೊನೆಯ ವಾರ ಆ ಕಡೆ ಒಂದು ಸಲ ಹೋಗಿ ನೆನಪಿಸುವುದನ್ನು ರೂಢಿ ಮಾಡಿಕೊಳ್ಳಿ. ಕಂಟಿಂಜೆನ್ಸಿಯ ಬಿಲ್ಲುಗಳನ್ನು ಆಯಾ ದಿನವೇ ಹಾಳೆಗೆ ಅಂಟಿಸಿ. ಬಿಸಿಗೆ ಮುದ್ರಿಸುವ ಆ ತೆಳು ರಸೀದಿಯ ಅಕ್ಷರ ನಮ್ಮ ಮಳೆಗಾಲದ ಥಂಡಿಗೆ ಅಳಿಸಿಹೋಗುತ್ತದೆ, ಝೆರಾಕ್ಸ್ ಮಾಡಿಸಿ ಜೊತೆಗಿಡಿ. ಆರು ತಿಂಗಳ ಬಸ್ಸು, ಊಟದ ಖರ್ಚನ್ನಾದರೂ ಮೊದಲೇ ಎತ್ತಿಟ್ಟುಕೊಂಡು ಸೇರಿ.

ಹೊಸನಗರದ ಹುಡುಗಿಗೆ ಈಗ 26 ವರ್ಷ. ಜೆಆರ್‌ಎಫ್‌ಗೆ ಇನ್ನೂ ಒಂಬತ್ತು ವರ್ಷ, ಅಂದರೆ ಹದಿನೆಂಟು ಪರೀಕ್ಷೆ ಬಾಕಿ ಇವೆ. ಮೊದಲ ಸಾಲಿನಲ್ಲಿ ಅದನ್ನೇ ಬರೆದಳು. ಎರಡು ಸಲ ಬರೆದು ಆಗದಿದ್ದರೆ ಶಂಕರಘಟ್ಟದಲ್ಲಿ ನೋಂದಣಿ, ಆಮೇಲೆ ಐಸಿಎಸ್‌ಎಸ್‌ಆರ್. ಅವಳಿಗೆ ತಮ್ಮನಿದ್ದಾನೆ, ಹಾಗಾಗಿ ಫುಲೆ ಫೆಲೋಶಿಪ್ ಹೊಡೆದುಹಾಕಿದೆವು. ಕಡಗಂಚಿಯ 8,000ವನ್ನು ಅವಳೇ ಹೊಡೆದುಹಾಕಿದಳು. ಪಕ್ಕದ ಹಾಳೆಯಲ್ಲಿ ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್ ಅಂತ ಗೆರೆ ಎಳೆದು, ಮೊದಲ ಮಾತಾಗಿ ಗೇಣಿ ಅಂತ ಬರೆದುಕೊಂಡು ಐದೂವರೆ ಬಸ್ಸಿಗೆ ಹೊರಟಳು.